ಗಾಲಿಯ ಮೇಲೊಂದು ಹಳೆಯ ಮನೆ

ಮನುಷ್ಯನ ಆಸೆಗಳಲ್ಲಿ ಎರಡು ಒಂದಕ್ಕೊಂದು ಹೊಂದಿಕೊಂಡು ಬಾಳುವುದೇ ಇಲ್ಲ. ತನ್ನದೆಂಬ ಸೂರಿನ ಕೆಳಗೆ ನೆಮ್ಮದಿಯಾಗಿ ಕುಳಿತಿರಬೇಕೆಂಬುದು ಒಂದು; ಆ ಸೂರಿಗೆ ಬೀಗ ಹಾಕಿ ಕಣ್ಣು ಕಂಡತ್ತ ಹೊರಟುಬಿಡಬೇಕೆಂಬುದು ಇನ್ನೊಂದು. ಮನೆಯಲ್ಲಿದ್ದಾಗ ಊರೂರು ಸುತ್ತುವ ಹಂಬಲ. ಊರು ಸುತ್ತುವಾಗ ತನ್ನ ದಿಂಬು, ತನ್ನ ಲೋಟ, ತನ್ನ ಮೂಲೆಯ ನೆನಪು. ಎರಡೂ ಬೇಕೆನ್ನುವವನಿಗೆ ದೇವರು ಬಸವನಹುಳುವಿನ ಜನ್ಮ ಕೊಡಬೇಕಾಗಿತ್ತು. ಕೊಡದೆ ಹೋದುದರಿಂದ ಅಮೆರಿಕದ ಜನ ಆ ಸೌಕರ್ಯವನ್ನು ತಾವೇ ಮಾಡಿಕೊಂಡರು. ಕಾರಿನ ಬೆನ್ನಿಗೆ ಕೊಕ್ಕೆ ಹಾಕಿ ಎಳೆದುಕೊಂಡು ಹೋಗುವ ಆ ಪುಟ್ಟ ಮನೆಗೆ ಟ್ರೈಲರ್ ಎಂದು ಹೆಸರು. ಅದರೊಳಗೆ ಹಾಸಿಗೆಯುಂಟು, ಒಲೆಯುಂಟು, ಪಾತ್ರೆ ತೊಳೆಯುವ ತೊಟ್ಟಿಯುಂಟು, ನಾಲ್ವರು ಮೊಣಕೈ ತಾಗಿಸಿಕೊಂಡು ಕುಳಿತು ಉಣ್ಣುವಷ್ಟು ಮೇಜೂ ಉಂಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯ ಅರ್ಥ ಸಂಪೂರ್ಣವಾಗಿ ತಿಳಿಯಬೇಕಾದರೆ ಅದರಲ್ಲಿ ಒಂದು ರಾತ್ರಿ ಮಲಗಬೇಕು.

ಈ ಹುಚ್ಚು ಅಲ್ಲಿ ನಿನ್ನೆ ಮೊನ್ನೆಯದಲ್ಲ. ಕಾರಿನಲ್ಲಿ ಊರು ಸುತ್ತುತ್ತ, ಡಬ್ಬಿಯ ಆಹಾರ ತಿನ್ನುತ್ತ, ಬಯಲಿನಲ್ಲಿ ಬಿಡಾರ ಹೂಡುತ್ತಿದ್ದ ಜನ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿ 1919ರಲ್ಲಿಯೇ ಒಂದು ಸಂಘ ಕಟ್ಟಿಕೊಂಡು, ತಮ್ಮನ್ನು ತಾವೇ 'ತಗಡಿನ ಡಬ್ಬಿಯ ಪ್ರವಾಸಿಗಳು' ಎಂದು ಹಾಸ್ಯವಾಗಿ ಕರೆದುಕೊಂಡರು. 1930ರ ದಶಕದಲ್ಲಿ ಆರ್ಥರ್ ಶರ್ಮನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಡೆಟ್ರಾಯಿಟ್ ಸೀಮೆಯಲ್ಲಿ ಟ್ರೈಲರುಗಳನ್ನು ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಿಸತೊಡಗಿದ. ಅದೇ ಕಾಲದಲ್ಲಿ, ಎಂಜಿನ್ನಿಲ್ಲದ ಗ್ಲೈಡರ್ ವಿಮಾನಗಳನ್ನು ಕಟ್ಟುವುದರಲ್ಲಿ ನಿಪುಣನಾಗಿದ್ದ ಹಾಲಿ ಬೌಲಸ್, ವಿಮಾನದ ಮೈಯಂತೆಯೇ ಅಲ್ಯೂಮಿನಿಯಂ ಹಾಳೆಗೆ ರಿವೆಟ್ ಹೊಡೆದ ಟ್ರೈಲರನ್ನು 1934ರಲ್ಲಿ ಹೊರತಂದ. ಅದರ ಜಾಡಿನಲ್ಲಿ ವಾಲಿ ಬಯಮ್ ಎಂಬಾತ 1936ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ಎಂಬ ಬೆಳ್ಳಿಯ ಮೊಟ್ಟೆಯಂಥ ಗಾಡಿಯನ್ನು 1,200 ಡಾಲರಿಗೆ ಮಾರಿದ. ಈ ಬಯಮ್ ಮಹಾಶಯ ಗಾಡಿ ಮಾರಿ ಸುಮ್ಮನೆ ಕೂಡುವ ಆಸಾಮಿಯಲ್ಲ. ಕೊಂಡವರನ್ನೆಲ್ಲ ಕೂಡಿಸಿಕೊಂಡು, 1959ರಲ್ಲಿ ಆಫ್ರಿಕದ ಕೇಪ್‌ಟೌನಿನಿಂದ ಕೈರೊವರೆಗೆ ದಂಡಯಾತ್ರೆಯನ್ನೇ ಹೊರಡಿಸಿದ. 1969ರಲ್ಲಿ ಚಂದ್ರನ ಮೇಲಿಂದ ಇಳಿದು ಬಂದ ಮೂವರು ಗಗನಯಾತ್ರಿಗಳನ್ನು, ಅಲ್ಲಿಯ ಸೋಂಕೇನಾದರೂ ಭೂಮಿಗೆ ತಗುಲೀತೆಂಬ ಭಯದಿಂದ ಪ್ರತ್ಯೇಕವಾಗಿಟ್ಟದ್ದು ಕೂಡ ಮಾರ್ಪಡಿಸಿದ ಒಂದು ಏರ್‌ಸ್ಟ್ರೀಮ್ ಟ್ರೈಲರಿನೊಳಗೆ. ಚಂದ್ರಲೋಕದಿಂದ ಬಂದವರಿಗೂ ಭೂಲೋಕದಲ್ಲಿ ಮೊದಲು ದೊರೆತ ಮನೆ ಗಾಲಿಯ ಮೇಲಿನದೇ!

ಆದರೆ ಬೆಳ್ಳಿಯ ಮೊಟ್ಟೆ ಎಲ್ಲರ ಕೈಗೆ ಎಟಕುವ ವಸ್ತುವಲ್ಲ. ಯುದ್ಧ ಮುಗಿದು ಸಿಪಾಯಿಗಳು ಊರಿಗೆ ಹಿಂದಿರುಗಿ, ಮದುವೆಯಾಗಿ, ಮಕ್ಕಳಾಗಿ, 1956ರ ಕಾನೂನಿನಿಂದ ದೇಶದ ಉದ್ದಗಲಕ್ಕೂ ಹೆದ್ದಾರಿಗಳು ಹಾಸಿಕೊಳ್ಳತೊಡಗಿದಾಗ, ಸಾಮಾನ್ಯ ಸಂಸಾರಿಗಳು ಕೊಂಡದ್ದು ಮರದ ಎಲುಬಿನ ಮೇಲೆ ತೆಳುವಾದ ಅಲ್ಯೂಮಿನಿಯಂ ತಗಡು ಹೊದಿಸಿದ ಅಗ್ಗದ ಗಾಡಿಗಳನ್ನು. ಪಕ್ಕದಿಂದ ನೋಡಿದರೆ ಅವುಗಳ ಆಕಾರ ಮಲಗಿಸಿಟ್ಟ ಮಾಂಸದ ಡಬ್ಬಿಯಂತೆ ಕಾಣುವುದರಿಂದ ಅವಕ್ಕೆ 'ಹ್ಯಾಮಿನ ಡಬ್ಬಿ' ಎಂದೇ ಅಡ್ಡಹೆಸರಾಯಿತು. ಆ ಕುಲದಲ್ಲಿ ಹೆಸರುವಾಸಿಯಾದದ್ದು ಶಾಸ್ತಾ. ಕ್ಯಾಲಿಫೋರ್ನಿಯಾದಲ್ಲಿ 1941ರಲ್ಲಿ, ಸೈನಿಕರಿಗೆ ತಾತ್ಕಾಲಿಕ ವಸತಿ ಕಲ್ಪಿಸಲೆಂದು ಆರಂಭವಾದ ಸಂಸ್ಥೆ ಅದು. 1950ರ ದಶಕದ ಕೊನೆಯಲ್ಲಿ ಕಾರುಗಳಿಗೆಲ್ಲ ಬಾಲದಲ್ಲಿ ರೆಕ್ಕೆ ಮೂಡಿದ ಕಾಲಕ್ಕೆ ಶಾಸ್ತಾ ಟ್ರೈಲರಿಗೂ ಹಿಂಬದಿಯ ಎರಡು ಪಕ್ಕಗಳಲ್ಲಿ ಪುಟ್ಟ ರೆಕ್ಕೆಗಳು ಮೂಡಿದುವು. ಹಾರುವುದಕ್ಕೆ ಅವು ಏನೂ ಸಹಾಯ ಮಾಡಲಿಲ್ಲವೆಂಬುದು ನಿಜ. ಆದರೆ ಕೊಂಡವನ ಮನಸ್ಸು ಹಾರುವುದಕ್ಕೆ ಸಾಕಾಗುತ್ತಿತ್ತು.

ಆ ಗಾಡಿಗಳು ಇಂದು ಅಜ್ಜಂದಿರಾಗಿವೆ. ಹೊಲದ ಮೂಲೆಯಲ್ಲಿ, ಹುಲ್ಲಿನ ಕಣಜದ ಹಿಂದೆ, ಇಲಿಗಳಿಗೆ ಬಾಣಂತಿಕೋಣೆಯಾಗಿ ನಿಂತಿವೆ. ಹೊಸ ಟ್ರೈಲರಿನ ಬೆಲೆ ಕೇಳಿ ಕುಳಿತುಬಿಟ್ಟ ಸಂಸಾರಿಯ ಕಣ್ಣು ಮೆಲ್ಲನೆ ಇವುಗಳ ಕಡೆಗೆ ತಿರುಗುತ್ತದೆ. ಬೆಲೆ ಅಗ್ಗ, ಬಾಲ್ಯದ ನೆನಪು ಉಚಿತ. 'ಸ್ವಲ್ಪ ಬಣ್ಣ ಬಳಿದರೆ ಸಾಕು' ಎಂದು ಗಂಡಸು ಹೇಳುವುದು ಇಂಥ ಸಂದರ್ಭದಲ್ಲಿಯೇ.

ಇಂಡಿಯಾನಾ ರಾಜ್ಯದ ಒಂದು ಸಣ್ಣ ಊರಿನ ದಂಪತಿಗಳ ಮನೆಯಲ್ಲಿಯೂ ಈ ಮಾತು ಹೀಗೆಯೇ ಹುಟ್ಟಿತು. ಗಂಡ ಶಾಲೆಯಲ್ಲಿ ಚರಿತ್ರೆ ಕಲಿಸುವ ಉಪಾಧ್ಯಾಯ. ಹೆಂಡತಿ ಸಾರ್ವಜನಿಕ ಪುಸ್ತಕಾಲಯದಲ್ಲಿ ಉದ್ಯೋಗಿ. ಮಗಳಿಗೆ ಹದಿನೈದು ತುಂಬಿತ್ತು, ಮಗನಿಗೆ ಹತ್ತು. ಆ ದೇಶದಲ್ಲಿ ಮಕ್ಕಳು ಹದಿನೆಂಟಕ್ಕೆ ಗೂಡು ಬಿಟ್ಟು ಹಾರುವುದು ವಾಡಿಕೆ. ಎಲ್ಲರೂ ಒಟ್ಟಾಗಿ ಕಳೆಯಬಹುದಾದ ಬೇಸಿಗೆಗಳು ಮೂರೇ ಉಳಿದಿವೆಯೆಂಬ ಲೆಕ್ಕ ಒಂದು ರಾತ್ರಿ ತಾಯಿಯ ಮನಸ್ಸಿನಲ್ಲಿ ಮೂಡಿತು. ಮೂಡಿದ ಮೇಲೆ ಅವಳಿಗೆ ನಿದ್ರೆ ಬರಲಿಲ್ಲ. ಕೂಡಿಟ್ಟ ಹಣ 5,000 ಡಾಲರು. ಗಂಡ ಒಂದು ನೋಟ್‌ಬುಕ್ಕು ತಂದು ಅಂದವಾದ ಅಕ್ಷರಗಳಲ್ಲಿ ಬರೆದ: ಗಾಡಿಗೆ 1,600, ದುರಸ್ತಿಗೆ 1,500, ಉಳಿದ 1,900 ಪ್ರವಾಸಕ್ಕೆ. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಲೆಕ್ಕ ಯಾವುದೂ ಇರಲಾರದು.

ಜಾಹೀರಾತು ನೋಡಿ ಮೊದಲು ಹೋದದ್ದು ಒಂದು ಸುಂದರಿಯನ್ನು ಕಾಣುವುದಕ್ಕೆ. ತಿಳಿಹಸುರು ಬಣ್ಣ, ಚುಕ್ಕಿಯ ಪರದೆ, ಕಿಟಕಿಯಲ್ಲಿ ಹೂವಿನ ಕುಂಡ. ಬೆಲೆ ಅವರ ಮಿತಿಗಿಂತ ಹೆಚ್ಚಾಗಿದ್ದರೂ ಗಂಡನ ಕೈ ಜೇಬಿನ ಕಡೆಗೆ ಹೋಗುತ್ತಿತ್ತು. ಹೆಂಡತಿ ಮಾತ್ರ ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಒಂದು ನಿಮಿಷ ಸುಮ್ಮನೆ ನಿಂತು ಉಸಿರೆಳೆದುಕೊಂಡಳು. ಹಳೆಯ ಟ್ರೈಲರನ್ನು ಕಣ್ಣಿಗಿಂತ ಮೊದಲು ಮೂಗಿನಿಂದ ಪರೀಕ್ಷಿಸಬೇಕೆಂದು ಅವಳು ಓದಿದ್ದಳು. ಹೊಸ ಬಣ್ಣದ ವಾಸನೆಯ ಅಡಿಯಿಂದ ಒದ್ದೆ ಮರದ ಕಮಟು ಬರುತ್ತಿತ್ತು. ಮಂಚದ ಕೆಳಗೆ ಕೈಹಾಕಿ ಮೂಲೆಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಇಡ್ಲಿಯ ಹಾಗೆ ಒಳಕ್ಕೆ ಹೋಯಿತು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಕೊಳೆತ ಗೋಡೆಯ ಮೇಲೆಯೇ ತೆಳುವಾದ ಹೊಸ ಹಲಗೆ ಹೊಡೆದು ಬಣ್ಣ ಬಳಿದಿದ್ದರು. ದಂಪತಿಗಳು ನಮಸ್ಕಾರ ಹೇಳಿ ಹೊರಬಂದರು.

ಎರಡನೆಯದು ಏರ್‌ಸ್ಟ್ರೀಮ್. ಅದರ ಬೆಲೆ ಕೇಳಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡುವ ಪ್ರಸಂಗವೇ ಬರಲಿಲ್ಲ.

ಮೂರನೆಯದು ಮುದುಕನೊಬ್ಬನ ಹೊಲದಲ್ಲಿ, ಕೊಟ್ಟಿಗೆಯೊಳಗೆ ಇತ್ತು. 1964ರ ಶಾಸ್ತಾ ಏರ್‌ಫ್ಲೈಟ್, ಹದಿನಾರು ಅಡಿಯದು. ಬಣ್ಣ ಮಾಸಿತ್ತು, ಟೈರುಗಳು ಸೀಳಿದ್ದುವು, ಎಡಗಡೆಯ ರೆಕ್ಕೆ ಇರಲಿಲ್ಲ. ಆದರೆ ಸೂರಿನ ಕೆಳಗೆ ನಿಂತದ್ದರಿಂದ ನೆಲ ಬಹುಮಟ್ಟಿಗೆ ಗಟ್ಟಿಯಾಗಿತ್ತು, ಚಾಸಿಸ್ಸಿನ ಉಕ್ಕಿಗೆ ಮೇಲು ತುಕ್ಕು ಮಾತ್ರ ಹಿಡಿದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿ ತನ್ನದೆಂಬುದಕ್ಕೆ ಮುದುಕನ ಬಳಿ ಸರಿಯಾದ ಕಾಗದಪತ್ರಗಳಿದ್ದುವು. ಅದರಲ್ಲಿನ ಸಂಖ್ಯೆಯೂ ಗಾಡಿಯ ಮೇಲಿನ ಸಂಖ್ಯೆಯೂ ಒಂದೇ ಆಗಿತ್ತು. ಪತ್ರವಿಲ್ಲದ ಗಾಡಿಯನ್ನು ಅಗ್ಗಕ್ಕೆ ಕೊಂಡು, ಅದನ್ನು ರಸ್ತೆಗಿಳಿಸಲು ಕಚೇರಿಗಳನ್ನು ಅಲೆಯುವವರ ಕಥೆ ಅಲ್ಲಿ ಎಷ್ಟೋ ಉಂಟು. ಮುದುಕ ಹೆಚ್ಚು ಚೌಕಾಸಿ ಮಾಡಲಿಲ್ಲ, 1,600ಕ್ಕೆ ಒಪ್ಪಿದ. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎಡಗಡೆಯ ರೆಕ್ಕೆಯನ್ನು ಕಪಾಟಿನಿಂದ ತೆಗೆದುಕೊಟ್ಟು, 'ಇದನ್ನು ಸಿಕ್ಕಿಸುತ್ತೀರಿ ತಾನೆ?' ಎಂದಷ್ಟೇ ಕೇಳಿದ. ಅವನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಗಾಡಿ ಹೊರಕ್ಕೆ ಹೋಗಿರಲಿಲ್ಲ.

ತರುವುದೂ ಒಂದು ವಿದ್ಯೆಯೇ. ಟೈರಿನ ಪಕ್ಕದಲ್ಲಿ ಅದು ಹುಟ್ಟಿದ ವಾರವನ್ನೂ ವರ್ಷವನ್ನೂ ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ. 1709 ಎಂದರೆ 2009ರ ಹದಿನೇಳನೆಯ ವಾರ. ಹಳೆಯ ರಬ್ಬರು ನೋಡುವುದಕ್ಕೆ ದುಂಡಗಿದ್ದರೂ ಹೆದ್ದಾರಿಯ ವೇಗಕ್ಕೆ ಬಿಸಿಯೇರಿ ಒಡೆಯುತ್ತದೆ. ಹೊಲದಲ್ಲಿಯೇ ಹೊಸ ಟೈರು ಹಾಕಿಸಿ, ಗಾಲಿಯ ಬೇರಿಂಗುಗಳಿಗೆ ಗ್ರೀಸು ತುಂಬಿಸಿ, ಬಾಡಿಗೆಯ ಲಾಂದ್ರಗಳನ್ನು ಕಟ್ಟಿಕೊಂಡು, ಹಿಂದೆ ಸ್ನೇಹಿತನ ಕಾರು ಕಾವಲಾಗಿ ಬರುತ್ತಿರಲು, ಹಳ್ಳಿದಾರಿಯಲ್ಲಿ ನಿಧಾನವಾಗಿ ಮೆರವಣಿಗೆ ಊರು ಸೇರಿತು. ಅಕ್ಕಪಕ್ಕದವರು ಬಂದು ನೋಡಿದರು. ಒಬ್ಬರು 'ಮುದ್ದಾಗಿದೆ' ಎಂದರು. ಇನ್ನೊಬ್ಬರು 'ಇದನ್ನು ಎಷ್ಟು ದಿನ ಇಲ್ಲಿ ನಿಲ್ಲಿಸಿರುತ್ತೀರಿ?' ಎಂದರು. ಎರಡನೆಯ ಪ್ರಶ್ನೆಯೇ ಹೆಚ್ಚು ದೂರದೃಷ್ಟಿಯದೆಂದು ಆಮೇಲೆ ತಿಳಿಯಿತು.

ಶಾಸ್ತಾದಂಥ ಗಾಡಿಯನ್ನು ಕಾರ್ಖಾನೆಯಲ್ಲಿ ಒಳಗಿನಿಂದ ಹೊರಕ್ಕೆ ಕಟ್ಟುತ್ತಿದ್ದರು. ಮೊದಲು ನೆಲ, ನೆಲದ ಮೇಲೆ ಬರ್ಚ್ ಮರದ ತೆಳು ಪ್ಲೈವುಡ್ಡಿನ ಒಳಗೋಡೆ, ಅದಕ್ಕೆ ಒತ್ತಿಕೊಂಡಂತೆ ಎರಡು ಅಂಗುಲದ ಮರದ ಪಟ್ಟಿಗಳು, ಕಪಾಟು, ಮಂಚಗಳಿಗೆಲ್ಲ ಹೊರಗಡೆಯಿಂದಲೇ ತಿರುಪು, ಶೀತ ತಡೆಯುವ ಹೊದಿಕೆ, ಎಲ್ಲ ಮುಗಿದ ಮೇಲೆ ಹೊರಗಿನ ತಗಡು. ಹಾಗಾಗಿ ಒಳಗಿನ ರೋಗಕ್ಕೆ ಮದ್ದು ಹಾಕಬೇಕಾದರೆ ಹೊರಗಿನ ಚರ್ಮ ಸುಲಿಯಲೇಬೇಕು. ಅಲ್ಯೂಮಿನಿಯಂ ಕೊಳೆಯುವುದಿಲ್ಲ, ಅದೇ ಅದರ ಕೆಟ್ಟ ಗುಣ. ಒಳಗಿನ ಮರ ಪುಡಿಯಾದರೂ ಹೊರಗಿನ ತಗಡು ನಗುನಗುತ್ತಲೇ ನಿಂತಿರುತ್ತದೆ. ಕಿಟಕಿಯ ಅಂಚಿನ, ಛಾವಣಿಯ ಜೋಡಣೆಯ ಹಳೆಯ ಮೆತ್ತಿಕೆ ಒಣಗಿ ಬಿರಿದರೆ ನೀರು ಕೂದಲೆಳೆಯಷ್ಟು ದಾರಿಯಲ್ಲಿ ನುಸುಳಿ, ಮರದ ಪಟ್ಟಿಯನ್ನು ಹಿಡಿದು ಇಳಿದು, ಎಲ್ಲಿಯೋ ದೂರದ ಮೂಲೆಯಲ್ಲಿ ಕಲೆಯಾಗಿ ತೋರುತ್ತದೆ. ಸೋರಿದ ಜಾಗ ಒಂದು, ಅತ್ತ ಜಾಗ ಇನ್ನೊಂದು.

ಜೂನ್ ತಿಂಗಳ ಮೊದಲ ಭಾನುವಾರ ಗಂಡ ಹಿಂಬದಿಯ ಮೂಲೆಯ ಅಲಂಕಾರದ ಪಟ್ಟಿ ಬಿಚ್ಚಿದ. ತಿರುಪುಗಳು ತಿರುಗಿಸುವ ಮೊದಲೇ ಉದುರಿದುವು. ತಗಡನ್ನು ಸ್ವಲ್ಪ ಎತ್ತಿ ನೋಡಿದರೆ, ಮರದ ಪಟ್ಟಿಯಿರಬೇಕಾದಲ್ಲಿ ನಶ್ಯದಂಥ ಪುಡಿ ಇತ್ತು. ಅದರ ನಡುವೆ ಇಲಿಯ ಗೂಡು. ಹೊಲದಲ್ಲಿ ಪರೀಕ್ಷಿಸಿದಾಗ ಆ ಮೂಲೆಗೆ ಹಾಸಿಗೆಯೊಂದು ಅಡ್ಡವಾಗಿತ್ತು. ಅವನು ಬಹಳ ಹೊತ್ತು ಅಲ್ಲಿಯೇ ಕುಕ್ಕರುಗಾಲಲ್ಲಿ ಕುಳಿತಿದ್ದ. ಸಂಜೆ ಹೆಂಡತಿ ಬರುವ ವೇಳೆಗೆ ಅಂಗಡಿಯಿಂದ ತೆಳುವಾದ ಹೊಸ ಹಲಗೆಯೊಂದು ಬಂದಿತ್ತು.

'ಒಳಗಡೆಯಿಂದ ಇದನ್ನು ಹೊಡೆದುಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಜುಲೈ ತಿಂಗಳಲ್ಲಿ ಹೊರಡಬಹುದು' ಎಂದ ಅವನು.

ಹೆಂಡತಿ ಗೋಡೆಯ ಮೇಲ್ಭಾಗವನ್ನು ನೋಡಿದಳು. ಅಲ್ಲಿ ಮಡಚುವ ಮೇಲುಮಂಚದ ಕಬ್ಬಿಣದ ಬಂಧಗಳಿದ್ದುವು.

'ಈ ಮಂಚ ನಿಂತಿರುವುದು ಯಾವುದರ ಮೇಲೆ?'

ಅವನು ಉತ್ತರ ಹೇಳಲಿಲ್ಲ. ಆ ಬಂಧದ ತಿರುಪುಗಳು ಹೋಗಿ ಕಚ್ಚಿಕೊಂಡಿದ್ದುದು ಅದೇ ನಶ್ಯದ ಪುಡಿಯನ್ನು. ಮೇಲುಮಂಚ ಮಗನಿಗೆಂದು ಆಗಲೇ ಗೊತ್ತಾಗಿಹೋಗಿತ್ತು. ಹುಡುಗ ಅದರ ಮೇಲೆ ತನ್ನ ಹೆಸರು ಬರೆದು ಚೀಟಿ ಅಂಟಿಸಿದ್ದ.

ಹಲಗೆ ಅಂಗಡಿಗೆ ಹಿಂದಿರುಗಿತು. ಆ ರಾತ್ರಿ ಮಗಳಿಗೆ ವಿಷಯ ಹೇಳಬೇಕಾಯಿತು. 'ಹಾಗಾದರೆ ಈ ಬೇಸಿಗೆ ಇಲ್ಲ' ಎಂದಳು ಹುಡುಗಿ. ಅವಳು ಅಳಲಿಲ್ಲ, ಜಗಳವಾಡಲಿಲ್ಲ; ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಗಳವಾಡಿದ್ದರೆ ತಂದೆತಾಯಿಗಳಿಗೆ ಸುಲಭವಾಗುತ್ತಿತ್ತು. ಮೂರು ಬೇಸಿಗೆಗಳಲ್ಲಿ ಒಂದನ್ನು ಉಳಿಸಲು ತಂದ ಗಾಡಿಯೇ ಅದನ್ನು ನುಂಗಿಹಾಕಿತ್ತು.

ಕೆಲಸ ಕ್ರಮವಾಗಿ ಆರಂಭವಾಯಿತು. ಬಿಚ್ಚುವ ಮೊದಲು ಪ್ರತಿಯೊಂದು ತುಂಡಿನ ಛಾಯಾಚಿತ್ರ. ಪ್ರತಿಯೊಂದಕ್ಕೂ ಒಂದು ಅಂಕಿ. ಹಳೆಯ ಬಣ್ಣವನ್ನು ಉಜ್ಜುವ ಮೊದಲು ಸೀಸದ ಪರೀಕ್ಷೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಆ ದೇಶ ನಿಷೇಧಿಸಿದ್ದು 1978ರಲ್ಲಿ, ಈ ಗಾಡಿಯಾದರೋ ಅದಕ್ಕಿಂತ ಹದಿನಾಲ್ಕು ವರ್ಷ ಹಿರಿಯದು. ಕೊಳೆತ ಪಟ್ಟಿಯನ್ನು ಎಸೆಯದೆ, ಹೊಸ ಮರದ ಮೇಲೆ ಮಲಗಿಸಿ, ಅದರ ಬಾಗಿಗೆ ಸರಿಯಾಗಿ ಗೆರೆ ಎಳೆದು ಕತ್ತರಿಸಬೇಕು. ಸತ್ತವನೇ ಹುಟ್ಟುವವನಿಗೆ ಅಳತೆ ಕೊಡುವ ಕೆಲಸ ಇದು. ಇಡೀ ಗಾಡಿಯನ್ನು ಒಂದೇ ಸಲ ಬಿಚ್ಚಿಹಾಕಿದವರು ಅದನ್ನು ಮತ್ತೆ ಜೋಡಿಸಲಾರದೆ ಸೌದೆಯ ಬೆಲೆಗೆ ಮಾರುತ್ತಾರೆ. ಒಂದು ಪಕ್ಕ ಗಟ್ಟಿಯಾದ ಮೇಲೆಯೇ ಇನ್ನೊಂದು ಪಕ್ಕಕ್ಕೆ ಕೈಹಾಕಬೇಕು. ಎಡಗೋಡೆಯ ತಗಡಿನ ಹಿಂದೆ, ಪ್ಲೈವುಡ್ಡಿನ ಮೇಲೆ, ಪೆನ್ಸಿಲಿನಲ್ಲಿ ಗೀಚಿದ ಒಂದು ಕೂಡುವ ಲೆಕ್ಕ ಸಿಕ್ಕಿತು. 1964ರಲ್ಲಿ ಯಾವನೋ ಕೆಲಸಗಾರ ಬರೆದದ್ದು. ಅದು ಸಂಬಳದ ಲೆಕ್ಕವೋ ಮರದ ಲೆಕ್ಕವೋ ತಿಳಿಯದು. ಎಂಟು ಬರೆಯಬೇಕಾದಲ್ಲಿ ಏಳು ಬರೆದಿದ್ದ. ಆ ತಪ್ಪನ್ನು ಮೊದಲು ಕಂಡವಳು ಮಗಳು. ಎರಡು ವಾರ ಗಾಡಿಯ ಹತ್ತಿರ ಸುಳಿಯದಿದ್ದವಳು ಅಂದು ತಾಯಿಗೆ ಊಟದ ಬುತ್ತಿ ಕೊಡಲು ಬಂದು, ಆ ಲೆಕ್ಕವನ್ನು ಓದುತ್ತ ನಿಂತು, ಮರುದಿನದಿಂದ ವಿದ್ಯುತ್ ತಂತಿಗಳ ನಕ್ಷೆ ಬರೆಯತೊಡಗಿದಳು.

ಅಗ್ಗ ಮಾಡಬಹುದಾದದ್ದು ಯಾವುದು, ಮಾಡಬಾರದ್ದು ಯಾವುದು ಎಂಬ ವಿವೇಕ ಈ ವ್ಯವಹಾರದ ತಿರುಳು. ಪರದೆ, ಮೆತ್ತೆ, ತಟ್ಟೆ, ದೀಪದ ಗಾಜು ಇವನ್ನೆಲ್ಲ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಳ್ಳಬಹುದು. ಹೊಸ ಬರ್ಚ್ ಹಲಗೆಯ ಬಿಳುಪು ಹಳೆಯದರ ಜೇನುಬಣ್ಣಕ್ಕೆ ಹೊಂದಬೇಕೆಂದರೆ ಅಂಬರ್ ಬಣ್ಣದ ಅರಗಿನ ಮೆರುಗು ಸಾಕು. ದುಬಾರಿಯ ವಾರ್ನಿಷು ಬೇಕಿಲ್ಲ. ಮಂಜುಗಡ್ಡೆಯಿಡುವ ಹಳೆಯ ಪೆಟ್ಟಿಗೆಯನ್ನು ತೊಳೆದು ಬಳಸಿದರೆ ಹೊಸ ಶೀತಕಯಂತ್ರದ ಹಣ ಉಳಿಯುತ್ತದೆ. ಆದರೆ ಜೋಡಣೆಗಳ ನಡುವೆ ಇಡುವ ಬ್ಯೂಟೈಲ್ ಟೇಪಿನಲ್ಲಿ ಕಾಸು ಉಳಿಸಿದವನು ಮರದಲ್ಲಿ ಡಾಲರು ಕಳೆಯುತ್ತಾನೆ. ವಿದ್ಯುತ್ತಿನದು ಇನ್ನೂ ಕಠಿಣ. ಹಳೆಯ ತಂತಿಗೆ ಭೂಸಂಪರ್ಕದ ಮೂರನೆಯ ಎಳೆ ಇಲ್ಲದಿದ್ದರೆ, ಒಳಗೆಲ್ಲೋ ಒಂದು ಕಡೆ ಹೊದಿಕೆ ಸವೆದು ತಂತಿ ತಗಡಿಗೆ ತಾಗಿದಾಗ ಇಡೀ ಗಾಡಿಯ ಮೈಗೆ ವಿದ್ಯುತ್ತು ಹರಿದು, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಬಾಗಿಲು ಹಿಡಿದವನ ಪ್ರಾಣಕ್ಕೆ ಬರುತ್ತದೆ. ಅನಿಲದ ಕೊಳವೆಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ನೋಡಬಹುದು. ಆದರೆ ಒತ್ತಡದ ಪರೀಕ್ಷೆಯನ್ನು ಬಲ್ಲವನಿಂದ ಮಾಡಿಸಲೇಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಒಲೆ ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಅದು ಎಬ್ಬಿಸುವುದೂ ಇಲ್ಲ. ಅದರ ಎಚ್ಚರಿಕೆಯ ಗಂಟೆಯನ್ನು ಮನೆಯೊಡತಿ ಮೊದಲು ಕೊಂಡಳು. ಪರದೆಯ ಬಟ್ಟೆಯನ್ನು ಕೊನೆಗೆ ಕೊಂಡಳು.

ತೂಕದ ವಿಚಾರವನ್ನೂ ಹೇಳಬೇಕು. 1954ರಲ್ಲಿ ಬಂದ 'ದಿ ಲಾಂಗ್, ಲಾಂಗ್ ಟ್ರೈಲರ್' ಎಂಬ ಚಲಚ್ಚಿತ್ರದಲ್ಲಿ ಲೂಸಿಲ್ ಬಾಲ್ ನಟಿಸಿದ ಹೊಸ ಮದುವಣಗಿತ್ತಿ, ಹೋದ ಕಡೆಯಲ್ಲೆಲ್ಲ ನೆನಪಿಗೆಂದು ಒಂದೊಂದು ಕಲ್ಲು ಹೊತ್ತು ತಂದು ಟ್ರೈಲರಿನಲ್ಲಿಡುತ್ತಾಳೆ. ಬೆಟ್ಟದ ಏರುದಾರಿಯಲ್ಲಿ ಆ ಕಲ್ಲುಗಳೇ ದಂಪತಿಗಳ ಪ್ರಾಣಕ್ಕೆ ಸಂಚಕಾರವಾಗುತ್ತವೆ. ಚಿತ್ರ ಹಾಸ್ಯದ್ದಾದರೂ ಪಾಠ ಸತ್ಯವಾದದ್ದು. ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಮುಂಗೊಕ್ಕೆಯ ಮೇಲೆ ಬೀಳಬೇಕು. ಭಾರವೆಲ್ಲ ಹಿಂದಕ್ಕೆ ಸರಿದರೆ ವೇಗ ಏರಿದಾಗ ಗಾಡಿ ಮೀನಿನ ಬಾಲದಂತೆ ಅತ್ತಿತ್ತ ಬೀಸತೊಡಗಿ, ಎಳೆಯುವ ಕಾರನ್ನೂ ಹಳ್ಳಕ್ಕೆ ಎಳೆದುಬಿಡುತ್ತದೆ. ನಮ್ಮ ಎತ್ತಿನ ಗಾಡಿಯ ರೈತ ಮೂಟೆ ಹೇರುವಾಗ ನೊಗದ ಭಾರ ನೋಡಿ ಹಿಂದುಮುಂದು ಸರಿಸುವುದೂ ಇದೇ ಶಾಸ್ತ್ರವಲ್ಲವೆ? ಸಾಮಾನು ತುಂಬಿದ ಮೇಲೆ ಶಾಸ್ತಾವನ್ನು ಧಾನ್ಯದ ಲಾರಿಗಳ ತಕ್ಕಡಿಯ ಮೇಲೆ ನಿಲ್ಲಿಸಿದರು: 2,400 ಪೌಂಡು, ಕೊಕ್ಕೆಯ ಮೇಲೆ 290. ಅವರ ಕಾರಿಗೆ 3,500 ಪೌಂಡು ಎಳೆಯುವ ಶಕ್ತಿಯಿತ್ತು. ಉಪಾಧ್ಯಾಯನು ಸಿವಿಲ್ ಯುದ್ಧದ ಚರಿತ್ರೆಯ ಏಳು ದಪ್ಪ ಸಂಪುಟಗಳನ್ನು ಹಿಂಬದಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಅವನ್ನು ಕೆಳಗಿಳಿಸಲಾಯಿತು.

ದುರಸ್ತಿ ಮುಗಿದದ್ದು ಮರುವರ್ಷದ ಮೇ ತಿಂಗಳಲ್ಲಿ. ನೋಟ್‌ಬುಕ್ಕಿನ ಲೆಕ್ಕ ಹೀಗಿತ್ತು: ಮರ ಮತ್ತು ಪ್ಲೈವುಡ್ 780; ಟೇಪು, ತಿರುಪು, ಮೆತ್ತಿಕೆ 210; ಟೈರು 260; ಬೇರಿಂಗು, ಬ್ರೇಕು 340; ವಿದ್ಯುತ್ತು 390; ಅನಿಲ, ಎಚ್ಚರಿಕೆಯ ಗಂಟೆಗಳು 280; ಹಾಸಿಗೆ, ಬಟ್ಟೆ 310; ಕೊಕ್ಕೆ, ರಿಜಿಸ್ಟ್ರಿ 350; ಬಣ್ಣ 180; ಉಪಕರಣ 420. ಒಟ್ಟು 3,520. ಗಾಡಿಯ 1,600 ಸೇರಿದರೆ 5,120. ಪ್ರವಾಸಕ್ಕೆಂದು ಮೀಸಲಿಟ್ಟ ಹಣವೆಲ್ಲ ಪ್ರವಾಸದ ಗಾಡಿಗೇ ಹೋಗಿ, ಮೇಲೆ 120 ಡಾಲರು ಸಾಲದೆ ಬಂದಿತ್ತು. ಗಂಡ ರಜೆಯ ಶಾಲೆಯಲ್ಲಿ ಮೂರು ವಾರ ಪಾಠ ಹೇಳಿ ಪೆಟ್ರೋಲಿಗೆ ಹಣ ಹೊಂದಿಸಿದ. ಲೆಕ್ಕದ ಕೊನೆಯಲ್ಲಿ ಹೆಂಡತಿ ತನ್ನ ಕೈಯಿಂದ ಇನ್ನೊಂದು ಸಾಲು ಸೇರಿಸಿದಳು: 'ಒಂದು ಬೇಸಿಗೆ'. ಅದರ ಮುಂದೆ ಅಂಕಿ ಬರೆಯಲಿಲ್ಲ. ಇಂಥ ದುರಸ್ತಿಗೆ ಕೈಹಾಕುವವರು ಸಾಮಾನ್ಯವಾಗಿ ಬರೆಯದೆ ಬಿಡುವ ಸಾಲು ಅದೇ. ದುಡಿದ ನಾನ್ನೂರು ಐನೂರು ಗಂಟೆಗಳಿಗೆ ಕೂಲಿ ಕಟ್ಟಿದರೆ, ಹೊಸ ಗಾಡಿಯನ್ನೇ ಕೊಂಡಿದ್ದರೆ ಚೆನ್ನಾಗಿತ್ತೆಂದು ತೀರ್ಪು ಬಂದೀತು. ಮಾರಲು ಹೋದರೆ ಹಾಕಿದ ಹಣ ಬರುವುದೂ ಅಪರೂಪ. ಲಾಭದ ದೃಷ್ಟಿಯಿಂದ ಇದನ್ನು ಸಮರ್ಥಿಸಲು ಯಾವ ವಕೀಲನಿಂದಲೂ ಆಗದು.

ಹಾಗಾದರೆ ಜನ ಏಕೆ ಮಾಡುತ್ತಾರೆ? ಹಳೆಯದರ ಸೊಗಸೊಂದೇ ಬೇಕೆನ್ನುವವರಿಗೆ ಶಾಸ್ತಾ ಸಂಸ್ಥೆಯವರೇ 2015ರಲ್ಲಿ, ತಮ್ಮ 1961ರ ಏರ್‌ಫ್ಲೈಟಿನ ಪಡಿಯಚ್ಚನ್ನು, ಸಂಸ್ಥೆ ಹುಟ್ಟಿದ ವರ್ಷದ ನೆನಪಿಗೆ 1,941 ಗಾಡಿಗಳೆಂಬ ಎಣಿಕೆಯಲ್ಲಿ ಹೊಸದಾಗಿಯೇ ತಯಾರಿಸಿದರು. ರೆಕ್ಕೆಯೂ ಇತ್ತು, ಬಣ್ಣವೂ ಇತ್ತು. ಆದರೂ ಹೊಲದ ಮೂಲೆಯ ಮುದಿ ಗಾಡಿಗಳನ್ನು ಹುಡುಕಿಕೊಂಡು ಹೋಗುವವರು ಕಡಮೆಯಾಗಲಿಲ್ಲ. ಕೊಂಡ ವಸ್ತುವಿನಲ್ಲಿ ಮನುಷ್ಯನಿಗೆ ಕಾಣುವುದು ಹೊರಮೈ ಮಾತ್ರ. ತಾನೇ ಬಿಚ್ಚಿ ಜೋಡಿಸಿದ ವಸ್ತುವಿನಲ್ಲಿಯಾದರೆ ಗೋಡೆಯ ಹಿಂದಿನ ಪ್ರತಿಯೊಂದು ಪಟ್ಟಿಯೂ ಅವನಿಗೆ ಕಾಣುತ್ತಿರುತ್ತದೆ. ಗಾಳಿ ಬೀಸಿದಾಗ ಕಿರ್ ಎಂದದ್ದು ಯಾವುದೆಂದು ಅವನು ಬಲ್ಲ. ಮಗ ಮೇಲುಮಂಚದಲ್ಲಿ ಹೊರಳಿದಾಗ ತಾಯಿ ಕೆಳಗೆ ನಿಶ್ಚಿಂತೆಯಿಂದ ಕಣ್ಣು ಮುಚ್ಚುವುದಕ್ಕೆ ಆ ಜ್ಞಾನವೇ ಆಧಾರ.

ಮೊದಲ ಪ್ರಯಾಣ ದೂರದ್ದೇನಲ್ಲ. ಮಿಷಿಗನ್ ಸರೋವರದ ದಕ್ಷಿಣ ದಡದಲ್ಲಿ ಇಂಡಿಯಾನಾದ ಮರಳುದಿಬ್ಬಗಳಿವೆ. 2019ರಲ್ಲಿ ಅವಕ್ಕೆ ರಾಷ್ಟ್ರೀಯ ಉದ್ಯಾನದ ಪಟ್ಟ ಸಿಕ್ಕಿತು. ಅಲ್ಲಿಗೆ ಹೋಗಿ ಬಿಡಾರ ಹೂಡಿದರು. ಎರಡು ರೆಕ್ಕೆಗಳೂ ಬಿಸಿಲಿಗೆ ಹೊಳೆಯುತ್ತಿದ್ದುವು. ಅದರ ಚಿತ್ರವೊಂದನ್ನು ತೆಗೆದು ಮುದುಕನಿಗೆ ಕಳುಹಿಸಿದರು. ರಾತ್ರಿ ಹತ್ತು ಗಂಟೆಗೆ ಮಳೆ ಬಂದಿತು. ತಗಡಿನ ಛಾವಣಿಯ ಮೇಲೆ ಮಳೆಯ ಸದ್ದು ಎಷ್ಟು ಇಂಪೆಂದು ಕವಿಗಳು ಹೇಳಬಹುದು. ಆ ತಗಡನ್ನು ತಾನೇ ಹೊಡೆದವನಿಗೆ ಅದು ಪರೀಕ್ಷೆಯ ಪ್ರಶ್ನೆಪತ್ರಿಕೆ. ನಾಲ್ವರೂ ಕತ್ತಲೆಯಲ್ಲಿ ಎಚ್ಚರವಾಗಿ ಮಲಗಿದ್ದರು, ಯಾರೂ ಮಾತನಾಡಲಿಲ್ಲ. ಬೆಳಗಿನ ಜಾವ ಉಪಾಧ್ಯಾಯನು ಕಿಟಕಿಯ ಗಾಜನ್ನು ಮುಟ್ಟಿದ. ಬೆರಳಿಗೆ ನೀರು ಹತ್ತಿತು. ಅವನ ಎದೆ ಧಸಕ್ಕೆಂದಿತು. ದೀಪ ಹಚ್ಚಿ, ಚಾಕು ಹಿಡಿದು, ಕಿಟಕಿಯ ಚೌಕಟ್ಟನ್ನು ಬಿಚ್ಚುವುದರಲ್ಲಿದ್ದ. ಮಗಳು ಎದ್ದು ನೋಡಿ, ಎಲ್ಲ ಕಿಟಕಿಗಳ ಗಾಜನ್ನೂ ಒಂದೊಂದಾಗಿ ಮುಟ್ಟಿ, ನಕ್ಕುಬಿಟ್ಟಳು.

'ಅಪ್ಪ, ಇದು ಮಳೆಯಲ್ಲ. ನಾವು ನಾಲ್ವರೂ ಬಿಟ್ಟ ಉಸಿರು' ಎಂದಳು.

ಸಣ್ಣ ಡಬ್ಬಿಯೊಳಗೆ ನಾಲ್ಕು ಜೀವಗಳು ರಾತ್ರಿಯೆಲ್ಲ ಉಸಿರಾಡಿದರೆ ಆ ಹಬೆ ತಣ್ಣನೆಯ ಗಾಜಿಗೆ ತಾಗಿ ಹನಿಯಾಗುತ್ತದೆ. ಛಾವಣಿಯ ಗಾಳಿಗಂಡಿಯನ್ನು ಎರಡು ಬೆರಳಷ್ಟು ತೆರೆದಿಟ್ಟರೆ ಆಗುವುದಿಲ್ಲ. ತೆರೆದರು. ಮೂಲೆಗಳು ಒಣಗಿಯೇ ಇದ್ದುವು.

ಆ ಹುಡುಗಿ ಈಗ ಬೇರೊಂದು ರಾಜ್ಯದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಳೆ. ವಿದ್ಯುತ್ ಎಂಜಿನಿಯರಿಂಗ್ ಓದುತ್ತಿದ್ದಾಳೆಂದರೆ ಯಾರೂ ಆಶ್ಚರ್ಯಪಡಬೇಕಾಗಿಲ್ಲ. ಮೂರರಲ್ಲಿ ಎರಡು ಬೇಸಿಗೆಗಳು ಅವರಿಗೆ ದಕ್ಕಿದುವು. ಮೇಲುಮಂಚದ ಹುಡುಗನಿಗೆ ಕಾಲು ಉದ್ದವಾಗಿ ಮಂಚ ಸಾಲದು. ಗಾಡಿ ಮನೆಯ ಪಕ್ಕದಲ್ಲಿ ನಿಂತಿದೆ. ಪ್ರತಿ ಅಕ್ಟೋಬರಿನಲ್ಲಿ, ಹಿಮ ಬೀಳುವ ಮೊದಲು, ಕೊಳವೆಗಳ ನೀರು ಬಸಿದು, ಉಪಾಧ್ಯಾಯನು ಏಣಿ ಹಾಕಿ ಛಾವಣಿ ಹತ್ತುತ್ತಾನೆ; ಜೋಡಣೆಯ ಉದ್ದಕ್ಕೂ ಹೆಬ್ಬೆರಳು ಒತ್ತಿ ನೋಡಿ, ಬಿರಿದಲ್ಲಿ ಮೆತ್ತಿಕೆ ಹಚ್ಚುತ್ತಾನೆ. ಕೆಳಗೆ ಹೆಂಡತಿ ಏಣಿಯನ್ನು ಹಿಡಿದುಕೊಂಡು ನಿಂತಿರುತ್ತಾಳೆ. ಒಂದು ಗಂಟೆಯ ಕೆಲಸ. ಅದನ್ನು ಒಂದು ವರ್ಷ ತಪ್ಪಿಸಿದರೆ ನೀರಿಗೆ ದಾರಿ ಗೊತ್ತಿದೆ.